ಯಾವುದಿದೆಯೋ ಅದು

೫-೨-೨೦೦೧, ಸೋಮವಾರ

ಒಂಬತ್ತೂವರೆಗೆ ಅಂಗಡಿ ತೆಗೆದೆ. ಗುಡಿಸಿ, ಬಾಗಿಲಿಗೆ ನೀರು ಹಾಕಿದೆ. ಕಂಪ್ಯೂಟರಿನ ಕವರ್ ಮಡಚಿ ಸ್ಟೂಲಿನ ಮೇಲಿಟ್ಟೆ. ಕಪ್ಪು ಸ್ಕ್ರೀನ್ ಬಂದ ಮೇಲೆ ಇಂಗ್ಲಿಷಿನಲ್ಲಿ ಹೇಮಾ ಅಂತ ಒತ್ತಿ ಎಂಟರ್. ಕನ್ನಡ ಟೈಪಿಂಗ್ ತೆರೆಯಿತು.

ಇವರು ಹೋದ ಮೇಲೆ ಅರಸೀಕೆರೆಯಲ್ಲಿ ಎಲ್ಲರೂ ಕೇಳುವುದು ಒಂದೇ. ಒಬ್ಬಳೇ ಹೇಗೆ ನಡೆಸ್ತೀಯಾ? ನಡೆಸುವುದೇನು, ನನ್ನ ಹೆಸರು ನಾನೇ ಒತ್ತಿದರೆ ಆಯಿತು. ಆ ಟೈಪಿಂಗ್ ಪ್ರೋಗ್ರಾಮಿನಲ್ಲಿ ಹಳೆಯದು, ಹೊಸದು, ಇನ್ನೂ ಹೊಸದು ಅಂತ ಮೂರು ಬಗೆ. ಇವರು ಒಂದನ್ನು ಹಾಕುವರು, ಒಂದನ್ನು ತೆಗೆಯುವರು. ಯಾವುದಿದೆ, ಹೇಗೆ ತೆರೆಯಬೇಕು, ನನಗೆ ತಿಳಿಯುತ್ತಿರಲಿಲ್ಲ. ದಿನಾ ಬೈಸಿಕೊಳ್ಳುತ್ತಿದ್ದೆ. ಒಂದು ಭಾನುವಾರ ಇವರೇ ಕೂತು ಕಂಪ್ಯೂಟರಿನಲ್ಲಿ ನಾಲ್ಕಾರು ಸಾಲು ಬರೆದು, ಅದಕ್ಕೆ ನನ್ನ ಹೆಸರಿಟ್ಟರು. ಮೊದಲು ಹೊಸದನ್ನು ಹುಡುಕುತ್ತದೆ. ಇಲ್ಲದಿದ್ದರೆ ಅದರ ಹಿಂದಿನದು. ಅದೂ ಇಲ್ಲದಿದ್ದರೆ ತೀರಾ ಹಳೆಯದು.

"ಯಾವ್ದೈತೋ ಅದು ಬತ್ತದೆ. ನೀನು ತಲೆ ಕೆಡಿಸ್ಕಬ್ಯಾಡ."

ಇನ್ನೂ ಅಳು ಬಂದಿಲ್ಲ. ತಿಥಿಯ ದಿನವೂ ಬರಲಿಲ್ಲ. ಕಲ್ಲು ಕಣಮ್ಮ ಇವಳು ಅಂತ ಯಾರೋ ಅಂದರು. ಇರಬಹುದು.

೭-೨, ಬುಧವಾರ

ಮಾವ ಹಾರನಹಳ್ಳಿಯಿಂದ ಟೆಂಪೋದಲ್ಲಿ ಬಂದರು. ಕೂರಲಿಲ್ಲ. ಮಳಿಗೆ ಬಿಟ್ಟುಬಿಡೋಣ, ಕಂಪ್ಯೂಟರ್ ಯಾರಿಗಾದರೂ ಕೊಡೋಣ, ಊರಿಗೆ ಬಂದುಬಿಡು ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು.

ಹಳೇಬೀಡಿನ ಗಂಗಾಧರಯ್ಯನವರ ಮಗಳ ಮದುವೆ ಕಾರ್ಡು ಬಾಕಿ ಇದೆ ಅಂದೆ. ಅದನ್ನು ಒಪ್ಪಿಕೊಂಡು ಬರುವಾಗಲೇ ಇವರು ಬಸ್ಸಿನಲ್ಲಿ ಎದೆ ಹಿಡಿದುಕೊಂಡದ್ದು. ಮಾವನಿಗೂ ಗೊತ್ತು. ಶುಕ್ರವಾರ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗಬೇಕು ಅಂದೆ.

"ಹೊತ್ತಿಗೆ ಸರ್ಯಾಗಿ ಕೊಡು ನೋಡಾನ. ಕೊಟ್ರೆ ಮಳಿಗೆ ವಿಷ್ಯ ನಾನು ಇನ್ನು ಎತ್ತಾಕಿಲ್ಲ."

ಅಂಗಡಿ ಬೇಕಾ? ಬೇಕು. ಬೇರೆ ಏನು ಬೇಕು ಅಂತ ಕೇಳಿದರೆ ಗೊತ್ತಿಲ್ಲ.

೮-೨, ಗುರುವಾರ. ಸಂಜೆ

ಮೈದುನ ಶಿವಲಿಂಗ ಬಂದಿದ್ದ. ತಿಪಟೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವನು. ಅಣ್ಣನ ಅಂಗಡಿಗೆ ಏನಾದರೂ ಮಾಡಬೇಕು ಅಂತ ಒದ್ದಾಡುತ್ತಾನೆ, ಪಾಪ. ಕಾರ್ಡು ಟೈಪ್ ಮಾಡಿ ಮುಗಿಸಿ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕಂಪ್ಯೂಟರ್ ಕ್ಲೀನ್ ಮಾಡಿಟ್ಟಿದ್ದ. ಒಂದೇ ಪ್ರೋಗ್ರಾಮು ಎರಡೆರಡು ಕಡೆ ಇತ್ತಂತೆ, ದಂಡವಂತೆ. ಎರಡನ್ನೂ ಅಳಿಸಿ, ಎಲ್ಲಕ್ಕಿಂತ ಹೊಸದನ್ನು ಡಿ ಡ್ರೈವಿಗೆ ಹಾಕಿದನಂತೆ. ಅಲ್ಲಿ ಜಾಗ ಜಾಸ್ತಿ ಇದೆ ಅತ್ತಿಗೆ ಅಂದ. ಆಯಿತು ಅಂದೆ. ಎದುರು ಹೋಟೆಲಿನಿಂದ ಟೀ ತರಿಸಿಕೊಟ್ಟೆ.

ಆ ಹೋಟೆಲಿನ ಬೆಂಚು... ಇವರು ಅಲ್ಲೇ ಕೂತಿರುತ್ತಿದ್ದರು. ಗಿರಾಕಿ ಬಂದರೆ ಬಾಗಿಲಲ್ಲಿ ನಿಂತು ರೀ ಅನ್ನುತ್ತಿದ್ದೆ. ಟೀ ಕುಡಿಯುವ ಗಂಡಸರೆಲ್ಲ ತಿರುಗುವರು. ಹೆಸರು ಹಿಡಿದು ಕರೆಯೇ ಅಂತ ಇವರು ರೇಗಿಸುತ್ತಿದ್ದರು. ಗಂಡನ ಹೆಸರು ಬಾಯಲ್ಲಿ ಹೇಳುವುದುಂಟಾ. ರೇಷನ್ ಕಾರ್ಡಿನವನು ಕೇಳಿದಾಗಲೂ ಬರೆದು ತೋರಿಸಿದವಳು ನಾನು.

೯-೨, ಶುಕ್ರವಾರ. ಹತ್ತು ಗಂಟೆ

ಗುಡಿಸಿದೆ. ಕವರ್ ತೆಗೆದೆ. ಹೇಮಾ, ಎಂಟರ್.

ಟೈಪಿಂಗ್ ಬರಲಿಲ್ಲ. ಕಪ್ಪು ಸ್ಕ್ರೀನಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬಂತು —

"ಯಾವ್ದೂ ಇಲ್ಲ ಹೇಮಾ. ಗಾಬರಿಯಾಗಬ್ಯಾಡ. ನನ್ನ ಕರಿ."

ಇದನ್ನು ಯಾವತ್ತೂ ನೋಡಿರಲಿಲ್ಲ. ಮೂರರಲ್ಲಿ ಒಂದಾದರೂ ಇದ್ದೇ ಇರುತ್ತಿತ್ತು. ಒಂದೂ ಸಿಗದಿದ್ದರೆ ಇರಲಿ ಅಂತ ಆ ಭಾನುವಾರವೇ ಕೊನೆಗೆ ಬರೆದಿಟ್ಟಿದ್ದಾರೆ.

ಮತ್ತೆ ಒತ್ತಿದೆ. ಅದೇ ಬಂತು.

ಅದೇ ದಿನ. ಎರಡು ಗಂಟೆ

ಕಾರ್ಡು ಹೋಯಿತು. ಇವರು ಬರೆದದ್ದು ಹಳೆಯ ಜಾಗದಲ್ಲೇ ಹುಡುಕುತ್ತಿತ್ತು, ಶಿವಲಿಂಗ ಹಾಕಿದ್ದು ಡಿ ಡ್ರೈವಿನಲ್ಲಿ. ಇವರ ಸಾಲುಗಳನ್ನೇ ನೋಡಿಕೊಂಡು, ಅವುಗಳ ಮೇಲೆ ಡಿ ಡ್ರೈವಿನದೂ ಒಂದು ಸೇರಿಸಿದೆ. ಒಂದು ಸಲ ತಪ್ಪಾಯಿತು, ಆಮೇಲೆ ತೆರೆಯಿತು. ಹುಡುಗಿಯ ಹೆಸರು, ಮುಹೂರ್ತ ಇನ್ನೊಮ್ಮೆ ಓದಿ, ಪ್ರಿಂಟ್ ತೆಗೆದು ಪ್ರೆಸ್ಸಿನ ಸಿದ್ದಬಸಪ್ಪನವರ ಕೈಗೇ ಕೊಟ್ಟೆ. ಬೂತಿನಿಂದ ಮಾವನಿಗೆ ಫೋನ್ ಮಾಡಿದೆ. ಸರಿ ಕಣವ್ವ, ನಡ್ಸು ಅಂದರು.

ಅಂಗಡಿ ಉಳಿಯಿತು. ಖುಷಿ ಆಗಬೇಕಿತ್ತು.

೧೨-೨, ಸೋಮವಾರ

ಗುಡಿಸಿದೆ. ನೀರು. ಕವರ್. ಹೇಮಾ, ಎಂಟರ್. ಟೈಪಿಂಗ್ ತೆರೆಯಿತು. ನಾನೇ ಸರಿ ಮಾಡಿದ್ದೇನೆ, ಇನ್ನು ದಿನಾ ತೆರೆಯುತ್ತದೆ. ಆ ಮಾತು ಮಾತ್ರ ಬರುವುದಿಲ್ಲ.

ನಾನು ಸೇರಿಸಿದ್ದ ಸಾಲನ್ನು ತೆಗೆದುಹಾಕಿದೆ. ಒತ್ತಿದೆ.

ಗಾಬರಿಯಾಗಬ್ಯಾಡ. ನನ್ನ ಕರಿ.

ಎದ್ದು ಬಾಗಿಲಿಗೆ ಹೋದೆ. ಬೆಂಚಿನ ಮೇಲೆ ಮೂರು ನಾಲ್ಕು ಜನ ಟೀ ಕುಡಿಯುತ್ತಿದ್ದರು. ಕರೆದೆ. ಉಮೇಶ ಅಂತ. ಇನ್ನೊಂದು ಸಲ, ಉಮೇಶ. ಜೋರಾಗಿಯೇ ಕೂಗಿರಬೇಕು, ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಬೋರಮ್ಮ ದಾರ ಬಿಟ್ಟು ಓಡಿ ಬಂದಳು. ಬೆಂಚಿನವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಇವರು ಇರಲಿಲ್ಲ.

ಬೋರಮ್ಮ ಒಳಗೆ ಕರೆದುಕೊಂಡು ಬಂದು ಕೂರಿಸಿದಳು. ಅಳವ್ವ, ಅಳು ಅಂದಳು. ಅತ್ತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಅವಳ ಸೆರಗೆಲ್ಲ ಒದ್ದೆ ಮಾಡಿದೆ.

ಬಾಗಿಲಲ್ಲಿ ಯಾರೋ ಅರ್ಜಿ ಟೈಪ್ ಮಾಡಿಸಲು ಬಂದು ನಿಂತಿದ್ದಾರೆ. ತೆಗೆದದ್ದನ್ನು ಮತ್ತೆ ಸೇರಿಸಬೇಕು. ಸೇರಿಸುತ್ತೇನೆ. ಅದಕ್ಕೆ ಮುಂಚೆ ಇನ್ನೊಂದೇ ಒಂದು ಸಲ ಒತ್ತಿ —