ಕಂದು ಮಚ್ಚೆಯ ಮೇಲೂ ಹೊಟ್ಟೆಕಿಚ್ಚು

ಯೊಕೊತೆ, ಅಕಿತಾ
ಡಿಸೆಂಬರ್ ೩, ಬುಧವಾರ

ಪ್ರೀತಿಯ ಅಣ್ಣಾ,

ಗಂಟಲು ಹೇಗಿದೆ? ಗಂಜಿ ಸಲೀಸಾಗಿ ಇಳಿಯುತ್ತಿದೆಯೇ, ಇಲ್ಲ ಎದೆಯ ಹತ್ತಿರ ಇನ್ನೂ ಉರಿಯುತ್ತಿದೆಯೇ? ಅತ್ತಿಗೆ ಫೋನಿನಲ್ಲಿ ಏನು ಕೇಳಿದರೂ "ಚೆನ್ನಾಗಿದ್ದಾರೆ" ಎಂದೇ ಹೇಳುತ್ತಾರೆ, ಅವರನ್ನು ನಂಬುವ ಹಾಗಿಲ್ಲ. ಚಿಕಿತ್ಸೆಗೆಂದು ನೀನಿರುವ ಸೆಂಡಾಯ್‌ನಲ್ಲಿ ಇನ್ನೂ ಹಿಮ ಬಿದ್ದಿಲ್ಲವಂತೆ. ಇಲ್ಲಿ ಬೆಳಿಗ್ಗೆ ಎದ್ದು ಬಾಗಿಲ ಮುಂದಿನ ಹಿಮ ಎತ್ತಿಹಾಕಿದ ಮೇಲೆಯೇ ನಮ್ಮ ಮದ್ಯದ ಉಗ್ರಾಣಕ್ಕೆ ದಾರಿ. ಹೊಸ ಅಕ್ಕಿ ಬೆಂದು ತೊಟ್ಟಿ ಸೇರಿದೆ, ತಿಂಗಳ ಕೊನೆಗೆ ಹುದುಗಿದ ಅಕ್ಕಿಯಿಂದ ಮದ್ಯ ಹಿಂಡುತ್ತೇವೆ. ಕೆಲಸದವರೆಲ್ಲ ನಿನ್ನನ್ನೇ ವಿಚಾರಿಸುತ್ತಾರೆ. ಪಕ್ಕದ ಬೀದಿಯ ಹಾಗಿವಾರಾ ಅಜ್ಜಿ ನಿನಗೆಂದು ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ ತಂದುಕೊಟ್ಟರು. ನಾನು ಜ್ವರ ಬಂದು ಮಲಗಿದ್ದಾಗ ಇದೇ ಅಜ್ಜಿ ಇತ್ತ ತಲೆ ಹಾಕಿರಲಿಲ್ಲ. ಅದನ್ನು ನಾನೇ ತಿಂದು ಮುಗಿಸಿದೆ. ನಿನಗೆ ಹೇಗಿದ್ದರೂ ಗಟ್ಟಿ ಪದಾರ್ಥ ಕೊಡುವುದಿಲ್ಲವಲ್ಲ.

ನಗಬೇಡ, ನನಗೆ ನಿನ್ನ ಕಾಯಿಲೆಯ ಮೇಲೂ ಹೊಟ್ಟೆಕಿಚ್ಚು. ಅವತ್ತು ಎಂಡೋಸ್ಕೋಪಿ ಮುಗಿಸಿ ನೀನು ಮಂಪರಿನಲ್ಲಿ ಮಲಗಿದ್ದೆ. ವೈದ್ಯರು ನನ್ನನ್ನು ಒಳಗೆ ಕರೆದು ನಿನ್ನ ಅನ್ನನಾಳದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಮೊದಲನೆಯದು ಮಾಮೂಲಿ ಬಿಳಿ ಬೆಳಕಿನದು. ಅದರಲ್ಲಿ ಏನೂ ಇರಲಿಲ್ಲ, ನುಣ್ಣಗೆ ಗುಲಾಬಿ ಬಣ್ಣ. ಆಮೇಲೆ ನೀಲಿ-ಹಸಿರು ಬೆಳಕಿನಲ್ಲಿ ತೆಗೆದ ಚಿತ್ರ ಹಾಕಿದರು. ಅದೇ ಜಾಗ, ಹಸಿರು ಗೋಡೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಕಂದು ಮಚ್ಚೆ. ಮೂರನೆಯದರಲ್ಲಿ ಅಯೋಡಿನ್ ಸಿಂಪಡಿಸಿದ್ದರು. ಸುತ್ತೆಲ್ಲ ಕಪ್ಪಾಗಿತ್ತು, ಆ ಮಚ್ಚೆಗೆ ಮಾತ್ರ ಬಣ್ಣ ಹತ್ತಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ. ವೈದ್ಯರಿಗೋ ಖುಷಿ! ಕಿರಿಯ ವೈದ್ಯರಿಬ್ಬರನ್ನು ಕೂಗಿ ಕರೆದರು. "ಬನ್ರೋ, ನೋಡಿ ಇಲ್ಲಿ. ಎಷ್ಟು ಚೆಂದವಾಗಿ ಕಾಣ್ತಿದೆ! ಬಿಳಿ ಬೆಳಕನ್ನೇ ನಂಬ್ಕೊಂಡಿದ್ರೆ ನಾನೂ ಬಿಟ್ಬಿಡ್ತಿದ್ದೆ" ಎಂದರು. ನಿನ್ನ ಹೊಟ್ಟೆಗಿಳಿಯುವ ದಾರಿಯನ್ನೂ ಜನ ನಿಂತು ಹೊಗಳಬೇಕೇ? ಅದೇ ವಾರ ನನ್ನದನ್ನೂ ನೋಡಿದರು. "ಏನಿಲ್ಲಮ್ಮ, ಮುಂದಿನ ವರ್ಷ ಬನ್ನಿ" ಎಂದು ಎರಡು ಮಾತಿನಲ್ಲಿ ಸಾಗಹಾಕಿದರು. ಯಾರನ್ನೂ ಕರೆಯಲಿಲ್ಲ.

ಹುಟ್ಟಿದಾಗಿನಿಂದ ಇದೇ ಆಯಿತು. ಒಂದು ಗುಟುಕು ಮದ್ಯಕ್ಕೆ ಮುಖ ಕೆಂಪೇರುವುದು ನಮ್ಮಿಬ್ಬರಿಗೂ ಅಮ್ಮನಿಂದ ಬಂದದ್ದು. ನಿನಗೆ ಅಪ್ಪ "ಅಭ್ಯಾಸ ಮಾಡ್ಕೋಬೇಕು ಕಣೋ, ದಿನಾ ಕುಡಿ, ಮುಖ ತಾನಾಗೇ ದಾರಿಗೆ ಬರುತ್ತೆ" ಎಂದರು. ನೀನು ವಾಂತಿ ಮಾಡಿಕೊಂಡು, ತಲೆ ಹಿಡಿದುಕೊಂಡು, ಕೊನೆಗೂ ಅಭ್ಯಾಸ ಮಾಡಿಕೊಂಡೆ. ನಾನು ಬಾಯಿಗೆ ಹಾಕಿ ಉಗುಳಿ, ಯಾವ ತೊಟ್ಟಿಯದು, ಎಷ್ಟು ದಿನ ಹುದುಗಿದ್ದು ಎಂದೆಲ್ಲ ಹೇಳಬಲ್ಲೆ. ನಿನಗೆ ಅದು ಇವತ್ತಿಗೂ ಬರುವುದಿಲ್ಲ. ಮದ್ಯ ತಯಾರಿಸುವ ಬೇರೆ ಮನೆಗಳಲ್ಲಿ ಎಲ್ಲರೂ ಉಗುಳಿಯೇ ರುಚಿ ನೋಡುವುದು. ನಮ್ಮ ಮನೆಯಲ್ಲಿ ಮಾತ್ರ ಹಿಂಡಿದ ದಿನ ಮೊದಲ ಆಸನದಲ್ಲಿ ಕೂತವರು ಕೆಲಸದವರೆದುರು ತುಂಬಿದ ಬಟ್ಟಲನ್ನು ಕುಡಿದೇ ತೋರಿಸಬೇಕು. "ಉಗುಳೋಳಿಗೆ ಆ ಜಾಗ ಕೊಡಕ್ಕಾಗುತ್ತಾ?" ಎಂದು ಅಪ್ಪ ನಕ್ಕಿದ್ದರು. ನೀನೂ ನಕ್ಕೆ. ಆ ಉರಿ ಈಗಲೂ ಆರಿಲ್ಲ.

ವೈದ್ಯರು ಹೇಳಿದ್ದನ್ನು ನೀನು ಎಚ್ಚರದಲ್ಲೇ ಕೇಳಿಸಿಕೊಂಡಿದ್ದೀಯ. ಕೆಂಪೇರುವ ಮೈಯವರು ಹಟ ಹಿಡಿದು ಕುಡಿಯುವುದನ್ನು ಕಲಿತರೆ ಅನ್ನನಾಳಕ್ಕೆ ಎಲ್ಲರಿಗಿಂತ ಹೆಚ್ಚು ಅಪಾಯ. ಈ ಮಚ್ಚೆಯನ್ನು ಎದೆ ಕೊಯ್ಯದೆ, ಬಾಯಿಂದ ಇಳಿಸಿದ ಕೊಳವೆಯಿಂದಲೇ ಸುಲಿದು ತೆಗೆದರು. ಮತ್ತೆ ಕುಡಿದರೆ ಇನ್ನೊಂದು ಕಡೆ ಏಳಬಹುದು, ಅದು ಇಷ್ಟು ಬೇಗ ಕಣ್ಣಿಗೆ ಬೀಳುತ್ತದೆಂಬ ಭರವಸೆಯಿಲ್ಲ. ಅಷ್ಟೆಲ್ಲ ಕೇಳಿಯೂ ನೀನು ಹೊರಗೆ ಬಂದು ನನ್ನ ತೋಳು ಹಿಡಿದು ಏನೆಂದೆ? "ಅಪ್ಪನಿಗೆ ಹುಣ್ಣು ಅಂತ ಹೇಳು. ಹಿಂಡೋ ದಿನ ಒಂದೇ ಒಂದು ಬಟ್ಟಲು ಕಣೇ, ನಾನು ಕುಡೀದಿದ್ರೆ ಮರ್ಯಾದೆ ಏನು?" ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಯಿ ಬಿಟ್ಟರೆ ಜಾಗಕ್ಕಾಗಿ ಚಾಡಿ ಹೇಳಿದಳೆಂದು ಊರೇ ಆಡಿಕೊಳ್ಳುತ್ತದೆ. ಸುಮ್ಮನಿದ್ದರೆ ನೀನು ಕುಡಿಯುತ್ತೀಯ.

ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಅತ್ತಿಗೆಗೆ ನಮಸ್ಕಾರ ತಿಳಿಸು, ನಿಜ ಹೇಳಲು ಕಲಿಯಬೇಕಂತೆ ಎಂದೂ ಹೇಳು. ನಿನ್ನ ಊಟ ನಿದ್ದೆ ಹಿತವಾಗಿರಲಿ.

ನಿನ್ನ ತಂಗಿ
ಮಿನೆಕೊ

ಅಂಚೆಯವನು ಬರುವ ಹೊತ್ತಾಯಿತು, ಮುಖ್ಯ ವಿಷಯವನ್ನೇ ಬರೆದಿಲ್ಲ. ನಿನ್ನೆ ಅಪ್ಪನಿಗೆ ಹೇಳಿಬಿಟ್ಟೆ. ಹುಣ್ಣಲ್ಲ, ಕ್ಯಾನ್ಸರಿನ ಮೊದಲ ಹೆಜ್ಜೆ ಎಂದೆ. ಅಪ್ಪ "ನಾನೇ ಕುಡಿಸಿದ್ದು ಕಣೇ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು, ಅದೂ ನಿನಗಾಗಿ. ಈ ವರ್ಷ ಆ ಆಸನದಲ್ಲಿ ನಾನು ಕೂರಬೇಕಂತೆ, ಉಗುಳಿದರೂ ಪರವಾಗಿಲ್ಲವಂತೆ. ಚಾಡಿ ಹೇಳಿದಳು ಎಂದುಕೊಳ್ಳುತ್ತೀಯಾ? ಅಂದುಕೋ. ಆ ಜಾಗ ನನಗೆ ಬೇಕಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ಹಿಂಡುವ ದಿನದೊಳಗೆ ನೀನು ಬಂದುಬಿಡಬೇಕು. ಕೈಯಲ್ಲಿ ಬಿಸಿನೀರು ಹಿಡಿದು ನನ್ನ ಎದುರಿಗೇ ಕೂತು, ಇನ್ನೂ ಮೂವತ್ತು ವರ್ಷ ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು.