ಗೋಡೆಯನ್ನು ಹಿಂದಕ್ಕಿಡು, ಕ್ಲೈಡ್

ತಮ್ಮಾ ಕ್ಲೈಡ್,

ನಿನಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಗೋಡೆಯಾದರೂ ಇದ್ದಲ್ಲಿ ಇರುತ್ತಿತ್ತು. ನೀನು ಅದನ್ನೂ ಇರಗೊಡಲಿಲ್ಲ.

ನಮ್ಮೂರಿನ ಹಳೆಯ ಬೇಸ್‌ಬಾಲ್ ಅಂಗಳವನ್ನು ಕೆಡವಿ ಟೈರ್ ಅಂಗಡಿ ಕಟ್ಟಿದಾಗ ಅತ್ತವಳು ಅಮ್ಮ ಒಬ್ಬಳೇ. ಎಷ್ಟೋ ಬೇಸಿಗೆ ಅಲ್ಲಿನ ಪಂದ್ಯಗಳಲ್ಲಿ, ಒಳ್ಳೆಯ ಹೊಡೆತ ಬಿದ್ದಾಗಲೆಲ್ಲ ಆರ್ಗನ್ ನುಡಿಸಿದವಳು. ಅವಳ ಎಂಬತ್ತನೇ ಹುಟ್ಟುಹಬ್ಬಕ್ಕೆ ಅದೇ ಅಂಗಳವನ್ನು ವಿಡಿಯೋ ಗೇಮಿನೊಳಗೆ ಎಬ್ಬಿಸಿ, ಭಾವ ಮೈದುನ ಇಬ್ಬರೂ ಅದರಲ್ಲಿ ಆಡಿ ಅವಳಿಗೆ ತೋರಿಸಬೇಕೆಂದು ಚಳಿಗಾಲವಿಡೀ ಗುಟ್ಟಾಗಿ ನೀನು ಒಮಾಹಾದಲ್ಲಿ, ನಾನು ಅಯೋವಾದಲ್ಲಿ ಕೂತು ಕಟ್ಟಿದೆವು. ನಾನು ಹಳೆಯ ಫೋಟೋ ನೋಡಿಕೊಂಡು ಸೀಟುಗಳಿಗೆ ಮಾಸಲು ಹಸಿರು ಬಳಿದೆ. ನೀನು ಸ್ಕೋರ್ ಹಲಗೆಯ ಹಿಂದೆ ಡೈನೋಸಾರ್ ನಿಲ್ಲಿಸಿದೆ. ಕೇಳಿದರೆ, "ಗೇಮಲ್ಲಿತ್ತು, ಇಟ್ಟೆ." ನಮ್ಮ ತಂಡ ಅಷ್ಟು ಪುರಾತನದ್ದಲ್ಲ ಕಣೋ! ಅದನ್ನೂ ಸಹಿಸಿದೆ.

ಆದರೆ ಅಂಗಳದಂಚಿನ ಬಲಗಡೆಯ ಗೋಡೆ? ಹೈಸ್ಕೂಲಿನ ಕೊನೆಯ ಪಂದ್ಯದಲ್ಲಿ ನೀನು ಎಡಗೈಯಲ್ಲಿ ಬೀಸಿ ಹೊಡೆದ ಚೆಂಡನ್ನು, ಆಗಿನ್ನೂ ಎದುರು ತಂಡದ ಹುಡುಗನಾಗಿದ್ದ ನಿನ್ನ ಮಾರ್ವಿನ್ ಭಾವ ಅದೇ ಗೋಡೆಯ ಬಳಿ ಹಾರಿ ಹಿಡಿದರು. ನಾನು ಅವರನ್ನು ಮದುವೆಯಾದದ್ದು ಆ ಕ್ಯಾಚಿಗಾಗಿ ಅಲ್ಲವೆಂದು ಎಷ್ಟು ಸಲ ಹೇಳಲಿ? ಅಂದು ಸಿಕ್ಕಿಬಿದ್ದ ಹೊಡೆತ ಈಗಲಾದರೂ ಗೋಡೆ ದಾಟಿ ಹೋಮ್ ರನ್ ಆಗಲೆಂದು ಅದನ್ನೇ ಸದ್ದಿಲ್ಲದೆ ಮುಂದಕ್ಕೆಳೆದಿದ್ದೀಯ. ಎದುರಾಳಿಯೂ ಅದೇ ಗೋಡೆಯತ್ತ ಹೊಡೆಯುತ್ತಾನೆಂದು ಹೊಳೆಯಲಿಲ್ಲವೇ, ಮಹಾಶಿಲ್ಪಿ? ಭಾನುವಾರದ ತಾಲೀಮಿನಲ್ಲಿ ಭಾವ ಚೆಂಡಿನ ಮೇಲೆ ಚೆಂಡು ಗೋಡೆಯಾಚೆ ಕಳಿಸಿದರು. ನೀನು "ಹುಟ್ಟುಹಬ್ಬಕ್ಕೆ ನಾನು ಬರಲ್ಲಕ್ಕ, ನೀವೇ ಕೇಕ್ ತಿನ್ನಿ!" ಎಂದು ಕಿರುಚಿ ನಿನ್ನ ಕಡೆಯ ಆಟ ಮುಚ್ಚಿದೆ.

ನಮ್ಮ ಟಿವಿಯಿಂದ ಬಂದ ನಿನ್ನ ಕಿರುಚಾಟಕ್ಕೆ ಒಳಗೆ ಮಲಗಿದ್ದ ಅಮ್ಮ ಎದ್ದು ಬಂದು, ಅದರಲ್ಲಿನ್ನೂ ಇದ್ದ ಅಂಗಳ ನೋಡಿದಳು. ಗುಟ್ಟು ಅಲ್ಲಿಗೇ ರಟ್ಟು. "ಅಯ್ಯೋ, ನಮ್ಮ ಅಂಗಳ! ಗೋಡೆ ಯಾಕೆ ಮುಂದೆ ಬಂದಿದೆ? ಕ್ಲೈಡನೇ ಎಳ್ಕೊಂಡಿರ್ತಾನೆ ಬಿಡು. ಚಿಕ್ಕೋನಿದ್ದಾಗ ಎಲ್ಲರ ಪೈ ತಟ್ಟೇನೂ ಹಿಂಗೇ ಎಳ್ಕೊಳ್ತಿದ್ದ" ಅಂದಳು. ಡೈನೋಸಾರ್ ಅವಳಿಗೆ ಹಿಡಿಸಿದೆ; ನನ್ನ ಹಸಿರನ್ನು ಕೇಳುವವರಿಲ್ಲ.

ಭಾವ ಹೇಳಿದ್ದು ಇಷ್ಟೇ: "ಗೋಡೆ ಎಲ್ಲಾದ್ರೂ ಇಟ್ಕೊಳ್ಳಲಿ ಕಣೇ, ಅವನು ಬಂದ್ರೆ ಸಾಕು. ನನ್ನ ಮಂಡಿ ಎರಡೂ ಹೋಗಿವೆ, ಇನ್ನೆಲ್ಲಿ ಹಾರಿ ಹಿಡೀಲಿ?"

ನಾನು ಅವರಷ್ಟು ಒಳ್ಳೆಯವಳಲ್ಲ. ಗೋಡೆಯನ್ನು ಹಿಂದಕ್ಕಿಡು. ಇದ್ದ ಜಾಗದಲ್ಲೇ ಇರುವ ಗೋಡೆಯನ್ನು ಅಮ್ಮನ ಕಣ್ಣೆದುರು ದಾಟಿಸು. ನಮ್ಮನೆ ಮೂಲೆಯಲ್ಲಿರುವ ಅವಳ ಆರ್ಗನ್ನಿನ ಧೂಳು ಅವಳೇ ಒರೆಸಿಟ್ಟಿದ್ದಾಳೆ. ಆ ಕೊನೆಯ ಪಂದ್ಯದಲ್ಲಿ ನಿನ್ನ ಚೆಂಡು ದಾಟಿಯೇಬಿಟ್ಟಿತೆಂದು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದ ರಾಗ ಅವಳಿಗಿನ್ನೂ ನೆನಪಿದೆಯಂತೆ.

ನಿನ್ನ ಚೆಂಡು ದೂರ ಹೋಗಲಿ, ನೀನು ಹತ್ತಿರ ಬಾ.

ನಿನ್ನಕ್ಕ,
ನೋರೀನ್