ಎಂಟಿಂಚಿನ ಸ್ಪೀಕರು

ಮಾರ್ಚ್ 3, ಬೆಳಿಗ್ಗೆ 11
ಗಾಯಕಿಯೊಬ್ಬರ ಆಲ್ಬಮ್ಮು, ಮೂರನೇ ಹಾಡಿನ ಮಿಕ್ಸಿಂಗ್. ಹೊಸ ಸ್ಪೀಕರಿನ ಮುಂದೆ ಎಂಟನೇ ದಿನ. "ರೂಮು ಚಿಕ್ಕದು ಸಾರ್, ಐದಿಂಚಿಂದು ಸಾಕು" ಅಂದಿದ್ದ ಅಂಗಡಿಯವನು. ಕೇಳಲಿಲ್ಲ. ಎಂಟಿಂಚಿನದೇ ತಂದೆ. ಬಂದವರು ನೋಡಿ ಬಾಯಿ ಬಿಡಬೇಕಲ್ಲ! ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡ ರೂಮಿನ ನಟ್ಟನಡುವೆ ಕುರ್ಚಿ, ಅದರಲ್ಲಿ ನಾನು.

ಒಂದೇ ಕಿರಿಕಿರಿ — ದಪ್ಪ ಸದ್ದಿನ ಬೇಸ್ ಗಿಟಾರು. ಕೆಲವು ಸ್ವರ ಕೇಳುತ್ತವೆ, ಕೆಲವು ಮಾಯ. ನುಡಿಸಿದವರು ಮೇಷ್ಟ್ರು. ನನಗೆ ಈ ಕಸುಬಿನ ಓನಾಮ ಕಲಿಸಿದವರು. ಅರವತ್ತೇಳು ವರ್ಷ... ಬೆರಳು ಸೋತಿರಬೇಕು.

ಮಾರ್ಚ್ 4
ಮೇಷ್ಟ್ರನ್ನು ಮತ್ತೆ ಕರೆಸಿದೆ. ಪಕ್ಕದ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ನುಡಿಸಿದರು. ಮೂರು ಸಲವೂ ಅವೇ ಸ್ವರಗಳು ಮಾಯ.

"ಹೆಡ್‌ಫೋನಲ್ಲಿ ಸರಿಯಾಗೇ ಕೇಳ್ತಿದೆಯಲ್ಲೋ?"

"ಹೆಡ್‌ಫೋನ್ ನಂಬಬೇಡಿ ಮೇಷ್ಟ್ರೇ. ಈ ಸ್ಪೀಕರ್ ಸುಳ್ಳು ಹೇಳಲ್ಲ. ನಿಮ್ ಬೆರಳಲ್ಲಿ ಮೊದ್ಲಿನ ಶಕ್ತಿ ಇಲ್ಲ."

ಗಾಯಕಿಯ ಎದುರಿಗೇ ಅಂದುಬಿಟ್ಟೆ. ಮೇಷ್ಟ್ರು ತಮ್ಮ ಬೆರಳು ನೋಡಿಕೊಂಡರು. "ಆಯ್ತಪ್ಪ" ಅಂದು ಗಿಟಾರನ್ನು ಚೀಲಕ್ಕೆ ಹಾಕಿಕೊಂಡರು.

ಮಾರ್ಚ್ 9, ಸಂಜೆ 4
ಕೀಬೋರ್ಡಿನಲ್ಲೇ ಬೇಸ್ ಹಾಕಿದೆ. ಅದೂ ಅವೇ ಸ್ವರಗಳಲ್ಲಿ ಮಾಯ! ಕೀಬೋರ್ಡಿಗೆಲ್ಲಿ ವಯಸ್ಸಾಗುತ್ತೆ? ವಾಲ್ಯೂಮು ಏರಿಸಿದೆ. ಹಿಂದಿನ ಗೋಡೆಗೆ ಒರಗಿ ಬಟ್ಟೆ ಮಡಚುತ್ತಿದ್ದ ಹೆಂಡತಿ ಕಿವಿ ಮುಚ್ಚಿಕೊಂಡಳು.

"ರೀ, ಆ ಗುಂಯ್ ಅನ್ನೋದು ಕಮ್ಮಿ ಮಾಡಿ. ಎದೆ ನಡುಗ್ತಿದೆ."

"ಎಲ್ಲಿದೆ ಗುಂಯ್? ಅದು ಬರ್ತಿಲ್ಲ ಅಂತಲೇ ಒದ್ದಾಡ್ತಿದ್ದೀನಿ."

"ಇಲ್ಲಿ ಬಂದು ಕೂತು ಕೇಳಿ."

ಮೇಷ್ಟ್ರ ರೆಕಾರ್ಡಿಂಗ್ ಹಾಕಿ ಹೋಗಿ ಕೂತೆ. ಒಂದು ಸ್ವರವೂ ತಪ್ಪಿಲ್ಲ. ದುಂಡಗೆ, ಗಟ್ಟಿಯಾಗಿ. ಎದ್ದು ಕುರ್ಚಿಗೆ ಬಂದೆ — ಮಾಯ. ಗೋಡೆಯ ಹತ್ತಿರ ಹೋದೆ — ಇದೆ. ಚಿಕ್ಕ ರೂಮಿನಲ್ಲಿ ದಪ್ಪ ಸದ್ದು ಗೋಡೆಗೆ ಬಡಿದು ವಾಪಸು ಬಂದು, ನಡುಮಧ್ಯದಲ್ಲಿ ತನ್ನನ್ನೇ ನುಂಗಿಕೊಳ್ಳುತ್ತದೆ. ಕುರ್ಚಿ ನಡುವೆ ಹಾಕಬೇಡ ಕಣೋ — ಇದನ್ನು ಹೇಳಿಕೊಟ್ಟವರೂ ಮೇಷ್ಟ್ರೇ. ಥೂ ನನ್ನ ಜನ್ಮಕ್ಕೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಹೆಂಡತಿ ನಕ್ಕಳು. ಮೇಷ್ಟ್ರಿಗೆ ನಾನು ಅಂದ ಮಾತು ಅವಳಿಗೆ ಗೊತ್ತಿಲ್ಲ. ಹೇಳಲೂ ಇಲ್ಲ.

ಮಾರ್ಚ್ 17
ಫೋನ್ ಎತ್ತಿಕೊಂಡೆ. ಇಟ್ಟೆ. ಇವತ್ತೂ.

ಮಾರ್ಚ್ 22, ಮಧ್ಯಾಹ್ನ 3
ಮೇಷ್ಟ್ರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಬಾಯಿಪಾಠ. ಬಾಗಿಲು ತೆಗೆದವರೇ ಕೈಹಿಡಿದು ಒಳಗೆ ಕೂರಿಸಿದರು.

"ನೀನೊಬ್ಬನೇ ಕಣೋ ಮುಖಕ್ಕೆ ಹೇಳಿದ್ದು. ಚೆನ್ನಾಗಿದೆ ಚೆನ್ನಾಗಿದೆ ಅಂತಾರಲ್ಲ, ಅವರೆಲ್ಲ ಬರೀ ದಾಕ್ಷಿಣ್ಯಕ್ಕೆ ಅಂತಿದ್ರು ಅನ್ಸುತ್ತೆ. ಎಷ್ಟು ವರ್ಷದಿಂದಲೋ ಏನೋ... ಗಿಟಾರ್ ಯಾರಿಗೋ ಕೊಟ್ಬಿಟ್ಟೆ. ಹೋಗ್ಲಿ, ಹಾಡು ಈಗ ಸರಿಹೋಯ್ತಾ?"

"ಹೂಂ ಮೇಷ್ಟ್ರೇ" ಅಂದೆ.

ಟೀ ಕೊಟ್ಟರು, ಕುಡಿದೆ. ಗೇಟಿನ ತನಕ ಬಂದು ಕಳಿಸಿಕೊಟ್ಟರು.

ಸಂಜೆ 6
ಮತ್ತೆ ಹೋಗಬೇಕು. ಈಗಲೇ. ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಕೂರುವುದು ಬೇಡ, ಟೀ ಬೇಡ. ನಿಂತ ಕಾಲಲ್ಲೇ ಹೇಳಬೇಕು — ಮೇಷ್ಟ್ರೇ, ಸೋತಿದ್ದು ನಿಮ್ಮ ಬೆರಳಲ್ಲ, ಕುರ್ಚಿಯನ್ನು ನಡುವೆ ಹಾಕಿದ್ದ ನಾನು.